ಒಂದೇ ಹೆಸರಿನ ಇಬ್ಬರು ಆಚಾರಿಗಳು: ಇವರಲ್ಲಿ ಮುತ್ತಜ್ಜ ಯಾರು?

ಅಘನಾಶಿನಿ:
ನಮಸ್ಕಾರ. ಮುತ್ತಜ್ಜ ನಾಗಪ್ಪ ಆಚಾರಿ, ಮರಗೆಲಸದವರು, ಎತ್ತಿನಗಾಡಿ ಚಕ್ರ ಮಾಡುತ್ತಿದ್ದರಂತೆ. ಕುಮಟಾ ಕಡೆಯಿಂದ ಘಟ್ಟ ಹತ್ತಿ ಸಿರ್ಸಿಗೆ ಬಂದವರು ಅನ್ನುತ್ತಾರೆ. ಸಿಕ್ಕಿರುವುದು ಎರಡು ಕಾಗದ. ಸಿರ್ಸಿ ತಾಲೂಕಿನ ಜಮೀನಿನ ಹಕ್ಕುಬದಲಾವಣೆ ಎಂಟ್ರಿ, 1931: ‘ನಾಗಪ್ಪ ಮಂಜಪ್ಪ ಆಚಾರಿ’. ಕುಮಟಾ ಬದಿಯ ಕ್ರಯಪತ್ರದ ನಕಲು, 1898: ‘ನಾಗಾ ಬಿನ್ ಮಂಜಾ ಸುತಾರ’ (ಮಂಜಾನ ಮಗ ನಾಗಾ, ಬಡಗಿ). ಅಜ್ಜ ಹುಟ್ಟಿದ್ದು 1922ರಲ್ಲಿ. ಇಬ್ಬರೂ ಒಬ್ಬರೇ ಎಂದು ಹಿಡಿಯಬಹುದೇ?

ಸಿರ್ಸಿಬದಿ:
ಈಗಲೇ ಹಿಡಿಯಬೇಡಿ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ. ನಾಗಾ, ಅವನ ಮಗ ಮಂಜಾ, ಅವನ ಮಗ ಮತ್ತೆ ನಾಗಪ್ಪ. ಕಸುಬೂ ಅದೇ. ಹಾಗಾಗಿ ಸ್ವಂತ ಹೆಸರು, ತಂದೆ ಹೆಸರು, ಕಸುಬು ಮೂರೂ ಕೂಡಿದರೂ ನಡುವೆ ಎರಡು ತಲೆಮಾರು ಇರಬಹುದು. ವಂಶವೃಕ್ಷಗಳು ಹೆಚ್ಚಾಗಿ ಕೆಡುವುದು ಇಲ್ಲೇ.

‘ಸುತಾರ’ ಎಂದಿರುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 1862ರಿಂದ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಕಾಗದಪತ್ರದಲ್ಲಿ ಮರಾಠಿ ಮಾತು ಸಹಜ. ‘ಆಚಾರಿ’ ಮಾತ್ರ ಮರಗೆಲಸದವರಿಗೂ ಕಮ್ಮಾರರಿಗೂ ಸಲ್ಲುತ್ತದೆ, ಅದೊಂದರಿಂದಲೇ ಕಸುಬು ನಿರ್ಧಾರವಾಗದು.

ಕ್ರಯಪತ್ರದ ಕೊನೆಯ ನೋಂದಣಿ ಷರಾ, ಅಂದರೆ ನೋಂದಣಿ ಅಧಿಕಾರಿಯ ಟಿಪ್ಪಣಿ, ಓದಿದ್ದೀರಾ? ಬರೆದುಕೊಟ್ಟವರ ವಾಸಸ್ಥಳ, ಕಸುಬು, ತಂದೆ ಹೆಸರು ಅಲ್ಲಿ ಬರೆಯಲೇಬೇಕೆಂದು 1877ರ ನೋಂದಣಿ ಕಾಯ್ದೆಯಲ್ಲೂ ಇತ್ತು, 1908ರದ್ದರಲ್ಲೂ ಇದೆ. ಹಳೆಯವುಗಳಲ್ಲಿ ಜಾತಿಯೂ ಇರುತ್ತದೆ. ಎಷ್ಟೋ ಪತ್ರಗಳಲ್ಲಿ ವಯಸ್ಸೂ ಸಿಗುತ್ತದೆ. ನಕಲು ತೆಗೆಸುವಾಗ ಷರಾ ಬಿಟ್ಟುಹೋಗಿದ್ದರೆ ಮತ್ತೆ ಅರ್ಜಿ ಕೊಡಿ, ಇಡೀ ಪತ್ರಕ್ಕಿಂತ ಆ ನಾಲ್ಕು ಸಾಲು ಮುಖ್ಯ.

ಅಘನಾಶಿನಿ:
ಷರಾ ಇದೆ. ಬರೆದುಕೊಟ್ಟವ, ಅಂದರೆ ಮಾರಿದವ, ಇದೇ ನಾಗಾ. ‘ವಯಸ್ಸು ಸುಮಾರು 54, ಧಂದೆ ಸುತಾರಕಿ.’

ಸಿರ್ಸಿಬದಿ:
ಹಾಗಾದರೆ ಹುಟ್ಟಿದ್ದು 1844ರ ಆಸುಪಾಸು. 1922ಕ್ಕೆ 78. ‘ಸುಮಾರು’ ಎಂಬಲ್ಲಿ ಐದಾರು ವರ್ಷ ಆಚೀಚೆಯಾದರೂ ಇವರು ನಿಮ್ಮ ಅಜ್ಜನ ತಂದೆಯಾಗುವುದು ಕಷ್ಟ. ಸಿರ್ಸಿಯ ನಾಗಪ್ಪನ ಅಜ್ಜ ಇರಬಹುದು, ಆದರೆ ನಡುವಿನ ಮಂಜಪ್ಪ ಸಿಗದೆ ಗೆರೆ ಎಳೆಯಬೇಡಿ. ಬರೀ ಹೆಸರು ನೋಡಿ ಸೇರಿಸಿದರೆ ಬೇರೆ ಮನೆಯವರ ಹಿರಿಯರನ್ನು ನಿಮ್ಮವರನ್ನಾಗಿ ಮಾಡಿದ ಹಾಗೆ.

ಕೆಳಗಿನಿಂದ ಮೇಲೆ ಹೋಗಿ. ಮೊದಲು ಅಜ್ಜ ಕಲಿತ ಶಾಲೆಯ ಜನರಲ್ ರಜಿಸ್ಟರ್ (ಮಕ್ಕಳ ದಾಖಲಾತಿ ಪುಸ್ತಕ) ಉತಾರ, ಅಂದರೆ ನಕಲು: ಹುಟ್ಟಿದ ಊರು, ಹಿಂದಿನ ಶಾಲೆ ನೋಡಿ. ಜನ್ಮ ತಾರೀಕು ಅಂದಾಜಿನದ್ದಿರಬಹುದು. ಆಮೇಲೆ 1931ರ ಎಂಟ್ರಿಯ ಪೂರ್ತಿ ನಕಲನ್ನು ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಿಂದ ತೆಗೆಸಿ. ಅದು ಖರೀದಿಯೋ ವಾರಸಾವೋ (ಸತ್ತವರಿಂದ ವಾರಸುದಾರರಿಗೆ ಬಂದದ್ದೋ)? ವಾರಸಾ ಆಗಿದ್ದರೆ ಮಂಜಪ್ಪ ಮೃತರಾದ ವಿಷಯ, ವಾರಸುದಾರರು, ‘ಕೋಂ ಮಂಜಪ್ಪ’ (ಮಂಜಪ್ಪನ ಹೆಂಡತಿ) ಎಂದು ತಾಯಿಯ ಹೆಸರು ಇರಬಹುದು. ತಲೆಮಾರು ಬಿಟ್ಟು ಮರುಕಳಿಸುವ ಗಂಡಸರ ಹೆಸರಿಗಿಂತ ಹೆಂಡತಿಯ ಹೆಸರೇ ಗಟ್ಟಿ ಸಾಕ್ಷಿ.

ದೇವಿಮನೆ:
ಒಂದು ಸೇರಿಸುತ್ತೇನೆ. ಕುಮಟಾ ಉಪನೋಂದಣಿ ಕಚೇರಿಯಲ್ಲಿ ಇಂಡೆಕ್ಸ್ 1 ಹೆಸರಿನದು, ಇಂಡೆಕ್ಸ್ 2 ಆಸ್ತಿಯದು. ಫೀ ತುಂಬಿದರೆ ಎರಡನ್ನೂ ಯಾರೂ ನೋಡಬಹುದು. ನಾಗಾ, ನಾಗು, ನಾಗಯ್ಯ ಎಂದು ಬರಹ ಬದಲಾಗುವುದರಿಂದ ಹೆಸರಿನ ಹುಡುಕಾಟ ದಾರಿ ತಪ್ಪುತ್ತದೆ. ಇಂಡೆಕ್ಸ್ 2ರಲ್ಲಿ ಊರು, ಸರ್ವೆ ನಂಬರ್ ಹಿಡಿದು 1898ರ ಆಚೀಚೆ ನೋಡಿ. ಮಾರಿದ ಜಮೀನಿನ ಪಕ್ಕದ ನಂಬರುಗಳನ್ನೂ ಬಿಡಬೇಡಿ, ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) ಅಣ್ಣತಮ್ಮಂದಿರು ಇರಬಹುದು. ನಂಬರ್ ಈಗಿನ ಪಹಣಿಗೆ ಕೂಡದಿದ್ದರೆ ಹಿಸ್ಸಾ (ಪಾಲು) ಒಡೆದಿರಬಹುದು, ಭೂಮಾಪನ ಕಚೇರಿಯಲ್ಲಿ ಕಮೀ ಜಾಸ್ತಿ ಪತ್ರಕ (ಸರ್ವೆ ನಂಬರಿನ ಬದಲಾವಣೆಯ ದಾಖಲೆ) ಕೇಳಿ.

ಸಿರ್ಸಿಯಲ್ಲಿ ಸ್ವಂತ ಜಮೀನಿರದೆ ಗೇಣಿಗೆ ಇದ್ದಿದ್ದರೆ 1974ರ ನಂತರದ ನಮೂನೆ 7ರ (ಗೇಣಿದಾರರು ಜಮೀನಿನ ಹಕ್ಕಿಗೆ ಕೊಟ್ಟ ಅರ್ಜಿಯ) ಫೈಲು ನೋಡಿ. ಭೂನ್ಯಾಯ ಮಂಡಳಿಯ ಮುಂದೆ ಅಜ್ಜ ಕೊಟ್ಟ ಹೇಳಿಕೆಯಲ್ಲಿ ‘ನನ್ನ ತಂದೆ, ಅವರ ತಂದೆ’ ಎಂದು ಹೆಸರು ಸಮೇತ ಬಂದಿರುವ ಸಾಧ್ಯತೆ ಇದೆ.

ಅಘನಾಶಿನಿ:
ಎಂಟ್ರಿಯ ಪೂರ್ತಿ ನಕಲಿಗೆ ಮೊದಲು ಅರ್ಜಿ ಹಾಕುತ್ತೇನೆ. ವಾರಸಾ ಅಲ್ಲ, ಖರೀದಿ ಎಂದು ಬಂದರೆ?

ಸಿರ್ಸಿಬದಿ:
ಆಗ ಸಿರ್ಸಿ ಉಪನೋಂದಣಿ ಕಚೇರಿಯಲ್ಲಿ ಆ ಖರೀದಿಪತ್ರ ತೆಗೆಸಿ. ಕೊಂಡವರ ವಿವರದಲ್ಲಿ ‘ಮೂಲ ಸಾಕಿನ’ (ಮೂಲ ವಾಸಸ್ಥಳ) ಎಂದು ಕುಮಟಾ ಬದಿಯ ಊರಿದ್ದರೆ, ಅದು 1898ರ ಪತ್ರದ ಊರೇ ಹೌದೋ ತಾಳೆ ನೋಡಿ.