“ಇನ್ನು ಮೂರೇ ಉಳಿದಿವೆ” ಎಂದು ಬರೆಯುವ ಮುನ್ನ: ಆನ್‌ಲೈನ್ ಮಾರಾಟಗಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಕೈಯಿಂದ ಹೊಲಿದ ನೋಟ್‌ಬುಕ್‌ಗಳನ್ನೂ ಪುಸ್ತಕದ ಬೈಂಡಿಂಗ್ ಕಲಿಸುವ ವಿಡಿಯೊ ಪಾಠಗಳನ್ನೂ ನಾನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ನನ್ನ ಮಾರಾಟದ ಪುಟವನ್ನು ಹೊಸದಾಗಿ ಸಿದ್ಧಪಡಿಸುತ್ತಿರುವವರು ಪ್ರತಿ ನೋಟ್‌ಬುಕ್‌ನ ಕೆಳಗೆ “ಇನ್ನು ಮೂರೇ ಉಳಿದಿವೆ” ಎಂಬ ಸಾಲನ್ನೂ, ಪಾಠಗಳ ಪುಟದಲ್ಲಿ ಹದಿನೈದು ನಿಮಿಷಗಳ ಕೌಂಟ್‌ಡೌನ್ ಟೈಮರನ್ನೂ ಹಾಕಬೇಕೆಂದು ಹೇಳುತ್ತಿದ್ದಾರೆ. ಎಲ್ಲರೂ ಹಾಕುತ್ತಾರೆ, ಇದರಿಂದ ಯಾರಿಗೂ ನಷ್ಟವಿಲ್ಲ ಎಂಬುದು ಅವರ ವಾದ. ನನ್ನ ಮನಸ್ಸು ಒಪ್ಪುತ್ತಿಲ್ಲ, ಆದರೆ ಹಾಕದಿದ್ದರೆ ಮಾರಾಟ ಕುಗ್ಗೀತೆಂಬ ಅಳುಕೂ ಇದೆ. ದಯವಿಟ್ಟು ಮಾರ್ಗದರ್ಶನ ಮಾಡಿ.

ಉತ್ತರ: ನಮಸ್ಕಾರ. “ಅಂದವಾದ ನೋಟ್‌ಬುಕ್” ಎಂದು ಬರೆದರೆ ಅದು ನಿಮ್ಮ ಅಭಿಪ್ರಾಯವೆಂದು ಓದುವವರಿಗೆ ಗೊತ್ತಿರುತ್ತದೆ. “ಮೂರೇ ಉಳಿದಿವೆ” ಎಂಬುದು ಹಾಗಲ್ಲ. ಅದು ನಿಜವೋ ಸುಳ್ಳೋ ಆಗಿರಲೇಬೇಕಾದ ಹೇಳಿಕೆ, ಮತ್ತು ನಿಮ್ಮ ದಾಸ್ತಾನಿನೊಳಗೆ ಇಣುಕಿ ನೋಡಲು ಗ್ರಾಹಕರಿಗೆ ಯಾವ ದಾರಿಯೂ ಇಲ್ಲದಿರುವುದರಿಂದ ಅವರು ಪೂರ್ತಿಯಾಗಿ ನಿಮ್ಮ ಮಾತನ್ನೇ ನಂಬಬೇಕಾಗುತ್ತದೆ. ಹಾಗಾಗಿ ನನ್ನ ಬಳಿ ಬರುವ ಎಲ್ಲ ಮಾರಾಟಗಾರರಿಗೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಮೂರೂ ಮಾರಾಟವಾದ ಮೇಲೆ ಅಥವಾ ಟೈಮರ್ ಸೊನ್ನೆಗೆ ಇಳಿದ ಮೇಲೆ ಹಣ ಹಿಡಿದು ಬರುವ ನಾಲ್ಕನೆಯವರನ್ನು ನೀವು ನಿಜಕ್ಕೂ ಬರಿಗೈಯಲ್ಲಿ ಕಳಿಸುತ್ತೀರಾ? ಕಳಿಸುವುದಾದರೆ ಧಾರಾಳವಾಗಿ ಬರೆಯಿರಿ. ಇಲ್ಲವಾದರೆ ಬರೆಯಬೇಡಿ.

ಯಾರಿಗೂ ನಷ್ಟವಿಲ್ಲ ಎಂಬ ವಾದವನ್ನು ನಾನು ಖಂಡಿತ ಒಪ್ಪುವುದಿಲ್ಲ. ಮನಶ್ಶಾಸ್ತ್ರಜ್ಞ ಸ್ಟೀಫನ್ ವರ್ಚೆಲ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಕ್ಷೇತ್ರದಲ್ಲಿ ಪ್ರಸಿದ್ಧವಾದುದು. ಒಂದೇ ಬಗೆಯ ಬಿಸ್ಕತ್ತುಗಳನ್ನು ಕೆಲವರ ಮುಂದೆ ಹತ್ತಿದ್ದ ಜಾಡಿಯಲ್ಲಿ, ಇನ್ನು ಕೆಲವರ ಮುಂದೆ ಎರಡೇ ಇದ್ದ ಜಾಡಿಯಲ್ಲಿ ಇಟ್ಟಾಗ, ಎರಡೇ ಇದ್ದ ಜಾಡಿಯ ಬಿಸ್ಕತ್ತೇ ಹೆಚ್ಚು ಬೇಕೆನಿಸುವಂಥದ್ದೆಂದೂ ಹೆಚ್ಚು ಬೆಲೆಯದ್ದೆಂದೂ ಜನ ಹೇಳಿದರು. ಮೊದಲು ಹತ್ತಿದ್ದು ಆಮೇಲೆ ಎರಡಕ್ಕೆ ಇಳಿದಾಗ, ಅದರಲ್ಲೂ ಬೇರೆಯವರು ಬಯಸಿದ್ದರಿಂದಲೇ ಇಳಿಯಿತೆಂದು ತಿಳಿದಾಗ, ಆ ಸೆಳೆತ ಇನ್ನಷ್ಟು ಹೆಚ್ಚಿತು. ಆದರೆ ರುಚಿಯ ವಿಷಯದಲ್ಲಿ ಅದಕ್ಕೆ ಹೆಚ್ಚಿನ ಅಂಕ ಸಿಗಲಿಲ್ಲ. ಮಾರಾಟದ ಬಗ್ಗೆ ಸಲಹೆ ಕೊಡುವ ನಮ್ಮ ವೃತ್ತಿಯಲ್ಲಿರುವವರು ಮೊದಲರ್ಧವನ್ನು ಹೇಳಿ ಈ ಕೊನೆಯ ಮಾತನ್ನು ಬಿಟ್ಟುಬಿಡುವುದು ನನಗೆ ಬಹಳ ಬೇಸರ ತರುವ ಸಂಗತಿ. ಕೊರತೆ ಆಸೆಯನ್ನು ಹೆಚ್ಚಿಸುತ್ತದೆಯೇ ಹೊರತು ವಸ್ತುವಿನಿಂದ ಸಿಗುವ ತೃಪ್ತಿಯನ್ನಲ್ಲ. ಸುಳ್ಳು ಕೊರತೆಯನ್ನು ನಂಬಿ ಆತುರದಲ್ಲಿ ಕೊಂಡವರು ಆಸೆ ಇಳಿದ ಮೇಲೆ ವಸ್ತುವನ್ನು ಹಿಂದಿರುಗಿಸುತ್ತಾರೆ, ಅಥವಾ ಇಟ್ಟುಕೊಂಡು ಮತ್ತೊಮ್ಮೆ ನಿಮ್ಮ ಕಡೆ ಸುಳಿಯುವುದಿಲ್ಲ.

ನಿಮ್ಮ ನೋಟ್‌ಬುಕ್‌ಗಳಿಗೆ ಸುಳ್ಳಿನ ಅಗತ್ಯವೇ ಇಲ್ಲ. ಕೈಯಿಂದ ಹೊಲಿಯುವ ವಸ್ತುವಿಗೆ ಮಿತಿ ತಾನಾಗಿಯೇ ಇರುತ್ತದೆ. “ಈ ಬಟ್ಟೆಯ ರಕ್ಷಾಪುಟದವು ಇಷ್ಟೇ, ಬಟ್ಟೆ ಮುಗಿದಿರುವುದರಿಂದ ಇದೇ ವಿನ್ಯಾಸ ಮತ್ತೆ ಬರುವುದಿಲ್ಲ” ಎಂದು ಕಾರಣ ಸಮೇತ ಬರೆಯಿರಿ. ಮುಂದಿನ ತಿಂಗಳು ಮತ್ತೆ ಹೊಲಿಯುವುದಾದರೆ ಅದನ್ನೂ ಅಲ್ಲೇ ತಿಳಿಸಿ. ಆ ಸಂಖ್ಯೆ ನಿಮ್ಮ ಸ್ಟಾಕ್ ಲೆಕ್ಕದಿಂದಲೇ ನೇರವಾಗಿ ಪುಟಕ್ಕೆ ಬರುವಂತೆ ಮಾಡಿಸಿ. ವಿಡಿಯೊ ಪಾಠಗಳ ಮಾತು ಬೇರೆ. ಸಾವಿರ ಜನ ಕೊಂಡರೂ ಅವು ಖಾಲಿಯಾಗುವುದಿಲ್ಲವಾದ್ದರಿಂದ ಅವುಗಳಿಗೆ “ಕೆಲವೇ ಸೀಟುಗಳು” ಎನ್ನುವುದು ಶುದ್ಧ ಸುಳ್ಳು. ಕಲಿಯುವವರ ಕೆಲಸವನ್ನು ನೀವೇ ನೋಡಿ ತಿದ್ದಿಕೊಡುವುದಾದರೆ ಮಾತ್ರ ನಿಮ್ಮ ಸಮಯಕ್ಕೆ ಮಿತಿಯಿದೆ. ಆಗ ಆ ತಿದ್ದುವಿಕೆಗೆ ಇಂತಿಷ್ಟೇ ಜನ ಎಂದು ಹೇಳುವುದು ಪ್ರಾಮಾಣಿಕ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ನಾನು ಬಳಸುವ ಟೈಮರ್ ಪ್ರತಿಯೊಬ್ಬ ಭೇಟಿಗಾರರಿಗೂ ಅವರು ಬಂದ ಕ್ಷಣದಿಂದ ಎರಡು ದಿನ ಎಣಿಸುತ್ತದೆ. ಎರಡು ದಿನಗಳ ರಿಯಾಯಿತಿಯನ್ನು ನಾನು ನಿಜವಾಗಿಯೂ ಕೊಡುತ್ತೇನೆ. ಇದೂ ಸುಳ್ಳೇ?

ಉತ್ತರ: ಇದು ನಿಜಕ್ಕೂ ಸೂಕ್ಷ್ಮವಾದ ಪ್ರಶ್ನೆ, ಏಕೆಂದರೆ ಇಲ್ಲಿ ಅರ್ಧ ಸತ್ಯವಿದೆ. ಹೊಸಬರಿಗೆ ಎರಡು ದಿನ ರಿಯಾಯಿತಿ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂಥ ಟೈಮರ್‌ಗಳಲ್ಲಿ ಹಲವು ಭೇಟಿಗಾರರ ಬ್ರೌಸರ್‌ನಲ್ಲಿ ಉಳಿಯುವ ಕುಕೀ ಎಂಬ ಸಣ್ಣ ಗುರುತಿನ ಕಡತವನ್ನಷ್ಟೇ ನೆಚ್ಚಿಕೊಂಡಿರುತ್ತವೆ. ಕುಕೀ ಅಳಿಸಿದರೆ ಅಥವಾ ಬೇರೆ ಫೋನಿನಿಂದ ಬಂದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಂದರೆ ಗಡುವನ್ನು ನಂಬಿ ಆತುರಪಟ್ಟವರು ನಂಬಿದ್ದಕ್ಕೇ ಬೆಲೆ ತೆರುತ್ತಾರೆ, ನಂಬದವರಿಗೆ ರಿಯಾಯಿತಿ ಯಾವಾಗಲೂ ಸಿಗುತ್ತಲೇ ಇರುತ್ತದೆ. ಇದನ್ನು ಸರಿಪಡಿಸಲು ಗಡುವನ್ನು ಅವರ ಇಮೇಲ್ ಅಥವಾ ಖಾತೆಗೆ ಜೋಡಿಸಿ ಸರ್ವರ್‌ನಲ್ಲೇ ಇಡಿ, “ಈ ರಿಯಾಯಿತಿ ಹೊಸ ಸದಸ್ಯರಿಗೆ, ಸೇರಿದ ದಿನದಿಂದ ಎರಡು ದಿನ ಮಾತ್ರ” ಎಂದು ಬಿಡಿಸಿ ಬರೆಯಿರಿ, ಮುಗಿದ ಮೇಲೆ ಪೂರ್ಣ ಬೆಲೆಯನ್ನೇ ತೋರಿಸಿ. ಮರುವಾರವೇ ಅದೇ ರಿಯಾಯಿತಿಯನ್ನು ಬೇರೆ ಹೆಸರಿನಲ್ಲಿ ಕಳಿಸುವುದಾದರೆ ಈ ಎಲ್ಲ ಏರ್ಪಾಡೂ ವ್ಯರ್ಥ.

ಮತ್ತೊಂದು ಪ್ರಶ್ನೆ: ಇದಕ್ಕೆ ಕಾನೂನಿನ ತಡೆ ಇದೆಯೇ? ಅಂಕಿಗಳು ನಿಜವೇ ಆಗಿದ್ದರೆ ಹೆದರಬೇಕಿಲ್ಲವಲ್ಲವೇ?

ಉತ್ತರ: ತಡೆ ಇದೆ. ಐರೋಪ್ಯ ಒಕ್ಕೂಟದ 2005ರ ನಿರ್ದೇಶನವು, ಗ್ರಾಹಕರು ಯೋಚಿಸದೆ ತಕ್ಷಣ ನಿರ್ಧರಿಸುವಂತೆ ಮಾಡಲು ವಸ್ತು ಬಹಳ ಕಡಿಮೆ ಕಾಲ ಮಾತ್ರ ಸಿಗುತ್ತದೆಂದು ಸುಳ್ಳು ಹೇಳುವುದನ್ನು ಎಲ್ಲ ಸಂದರ್ಭಗಳಲ್ಲೂ ಅನ್ಯಾಯವೆಂದೇ ಪರಿಗಣಿಸುತ್ತದೆ. ಭಾರತದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಪಟ್ಟಿಮಾಡಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಪುಟವಿನ್ಯಾಸದ ತಂತ್ರಗಳಲ್ಲಿ, ಸುಳ್ಳು ತುರ್ತು ಮೊದಲನೆಯದು.

ನಿಮ್ಮ ಎರಡನೆಯ ಮಾತಿಗೆ ಬರೋಣ. ಅಂಕಿ ನಿಜವಾದರೆ ಸಾಲದು. ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು 2019ರಲ್ಲಿ ಹೋಟೆಲ್ ಬುಕಿಂಗ್ ಮಾಡುವ ಆರು ತಾಣಗಳಿಂದ ತಮ್ಮ ರೀತಿ ಬದಲಿಸಿಕೊಳ್ಳುವುದಾಗಿ ಔಪಚಾರಿಕ ಒಪ್ಪಿಗೆ ಪಡೆದಾಗ ಅದು ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದಾಗಿತ್ತು: ಇದೇ ಹೋಟೆಲನ್ನು ಇಷ್ಟು ಜನ ನೋಡುತ್ತಿದ್ದಾರೆ ಎಂದು ತೋರಿಸುವಾಗ, ಅವರಲ್ಲಿ ಹಲವರು ಬೇರೆ ದಿನಾಂಕಗಳಿಗಾಗಿ ಹುಡುಕುತ್ತಿರಬಹುದೆಂಬುದನ್ನು ಹೇಳುತ್ತಿರಲಿಲ್ಲ. ಎಣಿಕೆ ಸರಿಯಿದ್ದೂ ಓದುವವರಿಗೆ ಮೂಡುವ ಭಾವನೆ ತಪ್ಪಾಗಬಹುದು. “ಈ ಬೆಲೆಗೆ ಒಂದೇ ಉಳಿದಿದೆ” ಎಂಬ ಸಾಲಿನ ಪಕ್ಕದಲ್ಲಿ, ಅದೇ ವಸ್ತು ಬೇರೆ ಬೆಲೆಗೆ ಇನ್ನೂ ಇದೆ ಎಂಬ ಮಾತು ಇರಲೇಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಕೊಳ್ಳುವವರೊಬ್ಬರ ಪ್ರಶ್ನೆ: ನಾನು ಮಾರಾಟಗಾರಳಲ್ಲ. ಕೊಳ್ಳುವಾಗ ಸುಳ್ಳು ಗಡುವನ್ನು ಗುರುತಿಸುವುದು ಹೇಗೆ?

ಉತ್ತರ: ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡವು 2019ರಲ್ಲಿ ಸುಮಾರು 11,000 ಮಾರಾಟ ತಾಣಗಳನ್ನು ಪರಿಶೀಲಿಸಿ, ಗ್ರಾಹಕರನ್ನು ದಾರಿ ತಪ್ಪಿಸುವ ಅಥವಾ ಒತ್ತಡಕ್ಕೆ ಸಿಲುಕಿಸುವ 1,818 ನಿದರ್ಶನಗಳನ್ನು ಗುರುತಿಸಿತು. ಮುಗಿದರೂ ಆಫರ್ ಹಾಗೆಯೇ ಉಳಿಯುವ, ಪುಟ ತೆರೆದಾಗಲೆಲ್ಲ ಹೊಸದಾಗಿ ಎಣಿಸುವ ಟೈಮರ್‌ಗಳು ಅವುಗಳಲ್ಲಿದ್ದವು. ಸ್ಟಾಕಿನ ಸಂಖ್ಯೆಯನ್ನು ದಾಸ್ತಾನಿನಿಂದ ತೆಗೆದುಕೊಳ್ಳದೆ ಕೋಡ್‌ನಲ್ಲೇ ಮನಬಂದಂತೆ ಹುಟ್ಟಿಸುತ್ತಿದ್ದ ತಾಣಗಳೂ ಇದ್ದವು. ಇವುಗಳಲ್ಲಿ ಬಹಳಷ್ಟನ್ನು ನೀವೇ ಪರೀಕ್ಷಿಸಬಹುದು. ಅದೇ ಪುಟವನ್ನು ಬ್ರೌಸರ್‌ನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ತೆರೆದು ಟೈಮರ್ ಎಲ್ಲಿಂದ ಶುರುವಾಗುತ್ತದೆಂದು ನೋಡಿ. ವಸ್ತುವನ್ನು ಕಾರ್ಟ್‌ಗೆ ಹಾಕಿ, ಉಳಿದಿದೆಯೆಂದು ಹೇಳಿದ್ದಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ನಮೂದಿಸಿ. ತಾಣ ಅದನ್ನು ಸ್ವೀಕರಿಸಿದರೆ ಆ “ಮೂರೇ” ಎಂಬ ಮಾತನ್ನು ನಂಬಲು ಕಾರಣ ಉಳಿಯುವುದಿಲ್ಲ. ವಸ್ತು ತುರ್ತಾಗಿ ಬೇಕಿಲ್ಲದಿದ್ದರೆ ಗಡುವು ಮುಗಿಯಲು ಬಿಟ್ಟು ಮರುದಿನ ಬೆಲೆ ನೋಡಿ. ಸುಳ್ಳೆಂದು ಗೊತ್ತಾದರೆ ಗಡುವಿಗೆ ಮೊದಲೊಂದು, ಗಡುವು ಮುಗಿದ ಮೇಲೊಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗ್ರಾಹಕ ಸಹಾಯವಾಣಿಗೆ ದೂರು ಕೊಡುವಾಗ ನಿಮಗೆ ಬೇಕಾಗುವ ಸಾಕ್ಷ್ಯ ಅವೆರಡೇ.