ಸಿಗರೇಟು ಸೇದಿ ಸಿಕ್ಕಿಬಿದ್ದ ಹುಡುಗರಿಗೆ ಟಿಸಿ ಕೊಟ್ಟರೆ ಸರಿಹೋಗುತ್ತಾ?

ಪ್ರಶ್ನೆ (ಹೈಸ್ಕೂಲ್ ಮೇಷ್ಟ್ರು, ಹಾಸನದ ಕಡೆಯವರು):
ಮೇಡಂ, ನಮಸ್ಕಾರ. ಕಳೆದ ವಾರ ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಮೂವರು ಹುಡುಗರು ಟಾಯ್ಲೆಟ್ ಹಿಂದೆ ಸಿಕ್ಕಿಬಿದ್ದರು. ಇದ್ದದ್ದು ಒಂದೇ ಸಿಗರೇಟು, ಮೂವರೂ ಸರದಿ ಮೇಲೆ ಎಳೆಯುತ್ತಿದ್ದರು. ವಾಸನೆ ಬರದಿರಲಿ ಅಂತ ಜೇಬಲ್ಲಿ ಪೆಪ್ಪರ್‌ಮೆಂಟು, ಕೈ ಉಜ್ಜಿಕೊಳ್ಳೋಕೆ ಬೇವಿನ ಸೊಪ್ಪು ಬೇರೆ! ಸ್ಟಾಫ್ ಮೀಟಿಂಗಿನಲ್ಲಿ ಅರ್ಧ ಜನ 'ಟಿಸಿ ಕೊಟ್ಟು ಕಳಿಸಿ, ಉಳಿದವರಿಗೂ ಬುದ್ಧಿ ಬರುತ್ತೆ' ಅಂದರು. ಗೇಟಿನ ಪಕ್ಕ 'ತಂಬಾಕು ಮುಕ್ತ ಶಾಲೆ' ಅಂತ ಬೋರ್ಡೂ ಇದೆ. ಇಂಥ ನಿಯಮಗಳಿಂದ ಮಕ್ಕಳು ಸೇದುವುದು ನಿಜವಾಗಿಯೂ ಕಡಿಮೆಯಾಗುತ್ತಾ?

ಉತ್ತರ (ತಂಬಾಕು ಬಿಡಿಸುವ ಕ್ಲಿನಿಕ್ಕಿನ ಮನೋವೈದ್ಯೆ):
ನಮಸ್ಕಾರ ಮೇಷ್ಟ್ರೇ. ಬೇವಿನ ಸೊಪ್ಪು ನನಗೂ ಹೊಸದು. ಇಷ್ಟು ತಲೆ ಓಡಿಸುವ ಹುಡುಗರನ್ನು ಕಳಕೊಳ್ಳಬೇಡಿ.

ಬೋರ್ಡಿನಿಂದ ಏನೂ ಆಗುವುದಿಲ್ಲ, ಬೋರ್ಡಿನ ಹಿಂದೆ ಇರುವವರಿಂದ ಆಗುತ್ತದೆ. ಅಮೆರಿಕದ 17,000ಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳನ್ನು ಕೇಳಿ ಮಾಡಿದ ಒಂದು ಅಧ್ಯಯನ 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಶಾಲೆಯಲ್ಲಿ ನಿಷೇಧ ಇದೆ ಅನ್ನುವುದಷ್ಟೇ ಲೆಕ್ಕಕ್ಕೆ ಬಂದಿರಲಿಲ್ಲ. 'ನಮ್ಮ ಶಾಲೆಯಲ್ಲಿ ಎಲ್ಲ ಮಕ್ಕಳೂ ಅಥವಾ ಹೆಚ್ಚಿನವರು ಈ ನಿಯಮ ಪಾಲಿಸುತ್ತಾರೆ' ಅಂತ ಮಕ್ಕಳೇ ಹೇಳಿದ ಕಡೆ ಮಾತ್ರ ಸೇದುವವರು ಕಡಿಮೆ ಇದ್ದರು. ಮಕ್ಕಳು ಪಾಲಿಸಬೇಕಾದರೆ ಮೊದಲು ಮೇಷ್ಟ್ರುಗಳು ಪಾಲಿಸಬೇಕು, ಇದು ನನ್ನ ಮಾತು. ಬೇಜಾರು ಮಾಡ್ಕೋಬೇಡಿ, ಕೇಳಲೇಬೇಕು: ನಿಮ್ಮ ಸ್ಟಾಫಿನಲ್ಲಿ ಯಾರಾದರೂ ಊಟದ ಬಿಡುವಿನಲ್ಲಿ ಗೇಟಿನಾಚೆ ಹೋಗಿ ಒಂದು ದಮ್ ಎಳೆದು ಬರುತ್ತಾರಾ? ಇಲ್ಲಾ ಗುಟ್ಕಾ ಬಾಯಲ್ಲಿಟ್ಟುಕೊಂಡೇ ಪಾಠ ಮಾಡುತ್ತಾರಾ? ಹಾಗಿದ್ದರೆ ನಿಮ್ಮ ಬೋರ್ಡನ್ನು ಮಕ್ಕಳು ಎಂದೋ ಓದಿ ಮುಗಿಸಿದ್ದಾರೆ.

ಟಿಸಿ ವಿಷಯ. ಎಂಟನೇ ತರಗತಿವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವ ಹಾಗೇ ಇಲ್ಲ, ಶಿಕ್ಷಣ ಹಕ್ಕು ಕಾಯ್ದೆ ತಡೆಯುತ್ತದೆ. ನಿಮ್ಮ ಹುಡುಗರು ಒಂಬತ್ತನೆಯವರು, ಆ ರಕ್ಷಣೆ ಅವರಿಗಿಲ್ಲ. ಆದರೂ ಕಳಿಸಬೇಡಿ ಅಂತಲೇ ಹೇಳುತ್ತೇನೆ. ನನ್ನ ಹತ್ತಿರ ಬರುವ ಹತ್ತೊಂಬತ್ತು, ಇಪ್ಪತ್ತರ ಹುಡುಗರಲ್ಲಿ ಈ ಕಥೆ ಮತ್ತೆ ಮತ್ತೆ ಕೇಳುತ್ತೇನೆ. ಶಾಲೆ ಬಿಡಿಸಿದರು, ಗ್ಯಾರೇಜಿಗೆ ಸೇರಿದ, ದಿನಕ್ಕೆ ಒಂದು ಇದ್ದದ್ದು ಒಂದು ಪ್ಯಾಕಾಯಿತು. ಶಾಲೆಯಲ್ಲಿದ್ದಾಗ ಕನಿಷ್ಠ ಆರೇಳು ಗಂಟೆ ಸಿಗರೇಟು ಕೈಗೆ ಸಿಗುತ್ತಿರಲಿಲ್ಲ, ಅಲ್ವಾ?

ಮರುಪ್ರಶ್ನೆ (ಅದೇ ಮೇಷ್ಟ್ರು):
ಒಪ್ಪಿದೆ ಮೇಡಂ. ನಮ್ಮ ಸ್ಟಾಫಿನಲ್ಲೂ ಸೇದುವವರು ಇಬ್ಬರಿದ್ದಾರೆ, ಹೆಸರು ಬೇಡ. ಆದರೆ ಏನೂ ಶಿಕ್ಷೆ ಕೊಡದೆ ಬಿಟ್ಟರೆ ನಾಳೆ ಮೂವರು ಹೋಗಿ ಹತ್ತು ಜನ ಆಗುತ್ತಾರೆ ಅಂತಾರಲ್ಲ?

ಉತ್ತರ:
ಸುಮ್ನೆ ಬಿಡಿ ಅಂತ ನಾನೆಲ್ಲಿ ಹೇಳಿದೆ! ಶಿಕ್ಷೆ ಇರಲಿ, ಆದರೆ ಅದು ಹುಡುಗನನ್ನು ಸಿಗರೇಟಿನಿಂದ ದೂರ ಮಾಡಲಿ, ನಿಮ್ಮಿಂದಲ್ಲ. ಅಪ್ಪ ಅಮ್ಮನನ್ನು ಕರೆಸಿ, ಆದರೆ ಎಲ್ಲರ ಎದುರು ಬೇಡ. ನಾಲ್ಕು ವಾರ, ವಾರಕ್ಕೊಮ್ಮೆ ಅವನಿಗೆ ಇಷ್ಟವಾದ ಮೇಷ್ಟ್ರ ಹತ್ತಿರ ಹದಿನೈದು ನಿಮಿಷ ಕೂರಲಿ. ಪ್ರಾರ್ಥನೆ ಸಮಯದಲ್ಲಿ ಸಾಲಿನ ಮುಂದೆ ನಿಲ್ಲಿಸಿ ಮಾನ ಕಳೆಯುತ್ತೀರಲ್ಲ, ಅದನ್ನು ಮಾತ್ರ ಮಾಡಬೇಡಿ. ಹದಿನಾಲ್ಕರ ಹುಡುಗ ಅಲ್ಲೇ ಹೀರೋ ಆಗಿಬಿಡುತ್ತಾನೆ.

ಹತ್ತು ಜನ ಆಗುವುದನ್ನು ತಡೆಯೋಕೆ ಮಕ್ಕಳನ್ನೇ ಹಿಡಿಯಬೇಕು. ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ 2004ರಿಂದ ಎರಡು ವರ್ಷ 'ಮೈತ್ರಿ' ಅನ್ನುವ ಪ್ರಯೋಗ ನಡೆಯಿತು. ಆರು ಮತ್ತು ಎಂಟನೇ ತರಗತಿಯವರಿಂದ ಶುರು. ಅಲ್ಲಿ ಭಾಷಣ ಕಡಿಮೆ. ಮಕ್ಕಳೇ ಮುಂದಾಳುಗಳಾಗಿ ಚರ್ಚೆ, ಪೋಸ್ಟರು ಎಲ್ಲ ನಡೆಸಿದರು. ಎರಡು ವರ್ಷದ ಕೊನೆಗೆ, ಕಾರ್ಯಕ್ರಮ ನಡೆದ ಅರ್ಧ ಶಾಲೆಗಳಲ್ಲಿ ತಂಬಾಕು ಬಳಕೆ 17% ಇಳಿದಿತ್ತು. ಏನೂ ಮಾಡದೆ ಬಿಟ್ಟ ಉಳಿದರ್ಧ ಶಾಲೆಗಳಲ್ಲಿ 68% ಏರಿತ್ತು. ಕ್ಯಾನ್ಸರ್ ಬಂದ ಬಾಯಿಯ ಫೋಟೋ ತೋರಿಸಿ ಹೆದರಿಸುವುದಕ್ಕಿಂತ, 'ಬೇಡ ಕಣೋ' ಅನ್ನುವುದು ಹೇಗೆ ಅಂತ ಕಲಿಸುವುದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಐವತ್ತಕ್ಕೆ ಬರುವ ರೋಗ ಹದಿನಾಲ್ಕರವನ ತಲೆಗೆ ಹೋಗುವುದಿಲ್ಲ. ಬಾಯಿ ನಾರುತ್ತೆ, ಕಬಡ್ಡಿಯಲ್ಲಿ ದಮ್ ಸಾಲಲ್ಲ ಅಂದರೆ ತಟ್ಟನೆ ಹೋಗುತ್ತದೆ.

ಆ ಇಬ್ಬರು ಮೇಷ್ಟ್ರುಗಳನ್ನೂ ಬೈಯಬೇಡಿ, ಅವರಿಗೂ ಚಟವೇ. ಬಿಹಾರದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೇ ತಂಬಾಕು ಬಿಡಿಸುವ ಕಾರ್ಯಕ್ರಮ ಮಾಡಿ, ಒಳ್ಳೆಯ ಫಲ ಕಂಡಿದ್ದಾರೆ.

ಪ್ರಶ್ನೆ (ಇನ್ನೊಬ್ಬರು, ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ ಎಸ್‌ಡಿಎಂಸಿಯಲ್ಲಿರುವ ತಾಯಿ):
ಅಕ್ಕಾ, ಶಾಲೆ ಒಳಗೆ ಎಷ್ಟು ಮಾಡಿದರೂ ಗೇಟಿನ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಬಿಡಿ ಸಿಗರೇಟು ಸಿಗುತ್ತಲ್ಲ. ದಾರದಲ್ಲಿ ಲೈಟರ್ ಕಟ್ಟಿ ನೇತುಹಾಕಿದ್ದಾರೆ, ಯೂನಿಫಾರಂ ಹಾಕಿದವರಿಗೂ ಕೊಡುತ್ತಾರೆ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಇದ್ದರೆ ಆಯಿತು. ಏನು ಮಾಡೋದು?

ಉತ್ತರ:
ಸರಿಯಾದ ಜಾಗಕ್ಕೇ ಬಂದಿದ್ದೀರಿ ತಂಗಿ. ಹದಿನಾಲ್ಕರ ಹುಡುಗ ಪ್ಯಾಕ್ ಕೊಳ್ಳುವುದಿಲ್ಲ, ಅವನು ಶುರು ಮಾಡುವುದೇ ಆ ಬಿಡಿ ಸಿಗರೇಟಿನಿಂದ. (ಬೀಡಿ ಅಲ್ಲ, ಬಿಡಿ. ದೀರ್ಘ ತಪ್ಪಿದರೆ ಅರ್ಥವೇ ಬೇರೆ.) ನಮ್ಮ ರಾಜ್ಯದಲ್ಲಿ 2025ರ ಮೇ ಕೊನೆಗೆ ಜಾರಿಗೆ ಬಂದ ತಂಬಾಕು ಕಾಯ್ದೆಯ ತಿದ್ದುಪಡಿ ಪ್ರಕಾರ 21 ವರ್ಷದ ಒಳಗಿನವರಿಗೆ ಮಾರುವ ಹಾಗಿಲ್ಲ, ಬಿಡಿಯಾಗಿ ಮಾರುವ ಹಾಗಿಲ್ಲ, ಶಾಲೆಯಿಂದ 100 ಮೀಟರ್ ಒಳಗೆ ಮಾರುವ ಹಾಗಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡ 1,000 ಆಗಿದೆ. ಮಗುವಿಗೆ ತಂಬಾಕು ಕೊಟ್ಟರೆ ಬಾಲ ನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಜೈಲೂ ಇದೆ.

ಆದರೆ ಮೊದಲೇ ಪೊಲೀಸರ ಹತ್ತಿರ ಹೋಗಬೇಡಿ. ಅಂಗಡಿಯವರು ನಿಮ್ಮ ಊರಿನವರೇ ಇರಬಹುದು, ಅವರ ಮಗಳೂ ಇದೇ ಶಾಲೆಗೆ ಬರುತ್ತಿರಬಹುದು. ಎಸ್‌ಡಿಎಂಸಿಯಿಂದ ನಾಲ್ಕು ಜನ ಹೋಗಿ, ಒಂದು ಟೇಪು ಹಿಡಿದು ಅವರ ಎದುರೇ ಅಳೆಯಿರಿ. ಸಿಗರೇಟು ಬಿಟ್ಟು ಬಿಸ್ಕತ್ತು, ಚಿಕ್ಕಿ, ಪೆನ್ನು ಮಾರಲಿ. ಕೇಳದಿದ್ದರೆ ಪಂಚಾಯಿತಿಗೆ, ಠಾಣೆಗೆ ಬರೆದುಕೊಡಿ, ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೂ ಹಾಕಿ. ತಂಬಾಕು ಮಾರಬಾರದ ಗಡಿ ಗುರುತಿಸೋಕೆ ರಸ್ತೆಯ ಮೇಲೆ ಹಳದಿ ಗೆರೆ ಎಳೆಯಬೇಕು ಅಂತ ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಅದನ್ನು ಮಕ್ಕಳ ಕೈಯಲ್ಲೇ ಎಳೆಸಿ.

ಪ್ರಶ್ನೆ (ಮೊದಲಿನ ಮೇಷ್ಟ್ರು):
ಕೊನೆಯ ಒಂದು ಮಾತು ಮೇಡಂ. ಮೂವರನ್ನೂ ಕ್ಲಿನಿಕ್ಕಿಗೆ ಕರೆದುಕೊಂಡು ಬರಬೇಕಾ?

ಉತ್ತರ:
ಮೂವರೂ ಬೇಡ ಅನಿಸುತ್ತದೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, 'ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಬೇಕು ಅನ್ನಿಸುತ್ತೆ?' ಅಂತ ಕೇಳಿ. 'ಹಾಗೇನಿಲ್ಲ ಸಾರ್, ಇವರ ಜೊತೆ ಇದ್ದಾಗ ಮಾತ್ರ' ಅಂದವನನ್ನು ನೀವೇ ನೋಡಿಕೊಳ್ಳಬಹುದು. ಎದ್ದ ಅರ್ಧ ಗಂಟೆಯಲ್ಲೇ ಬೇಕು ಅನ್ನುವವನಿಗೆ, ಸಿಗದಿದ್ದರೆ ತಲೆನೋವು, ಸಿಟ್ಟು ಅನ್ನುವವನಿಗೆ ನಿಕೋಟಿನ್ ಹಿಡಿದಿದೆ. ಅವನನ್ನು ಅಪ್ಪನ ಜೊತೆ ಕಳಿಸಿ. ದೂರ ಆದರೆ 1800-11-2356ಕ್ಕೆ ಫೋನ್ ಮಾಡಿಸಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೆಡಿಕಲ್ ಶಾಪಿನಿಂದ ನಿಕೋಟಿನ್ ಗಮ್ ತಂದು ನೀವೇ ಕೊಡಬೇಡಿ. ಕರೆತರುವಾಗ ಆ ಇಬ್ಬರು ಮೇಷ್ಟ್ರುಗಳಲ್ಲಿ ಒಬ್ಬರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು, ಎರಡು ಚೀಟಿ ಒಟ್ಟಿಗೇ ಬರೆದುಕೊಡುತ್ತೇನೆ.