ಸೀತಾಳೆಗೆ ಅಸಡ್ಡೆಯ ಗೊಬ್ಬರ

"ಹೆಸರೂ ಇಟ್ಟಿದೀಯಾ?" ಪದ್ದಕ್ಕನ ಹುಬ್ಬು ಕನ್ನಡಕ ದಾಟಿ ಮೇಲೆ ಹೋಯಿತು.

"ಮೈಥಿಲಿ," ಅಂದ ನಾಣಿ. "ಸೀತಾಳೆ ಅನ್ನೋ ಆರ್ಕಿಡ್ ಗಿಡ ಅಲ್ವಾ, ಒಪ್ಪುತ್ತೆ ಅಂತ. ಈಗೆಲ್ಲ ಗಿಡ ಸಾಕೋದು ಅನ್ನಲ್ಲ ಅಕ್ಕ. ನಾವು ಪ್ಲಾಂಟ್ ಪೇರೆಂಟ್ಸು."

"ಪೇರೆಂಟ್ಸ್ ಮೀಟಿಂಗ್ ಯಾವತ್ತು?" ಚಂದ್ರು ಕುರ್ಚಿ ಎಳೆದುಕೊಂಡ.

ಮೈಥಿಲಿ ಬಾಲ್ಕನಿಯ ಮೂಲೆಯಲ್ಲಿ ದೊಡ್ಡ ಪಿಂಗಾಣಿ ಕುಂಡದಲ್ಲಿ ಕೂತಿದ್ದಳು. ಕೆಳಗೆ ಕೆಂಪು ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ. ಮೇಲೆ ಅಂದಕ್ಕೆ ಬಿಳಿ ಕಲ್ಲು. ದಿನಕ್ಕೆ ಮೂರು ಹೊತ್ತು ಸ್ಪ್ರೇ, ಅದಕ್ಕೆ ಫೋನಿನಲ್ಲಿ ಅಲಾರಂ. ಸಂಜೆ ವೀಣೆ ಕೇಳಿಸುತ್ತಾನಂತೆ. ಇಷ್ಟಾದರೂ ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾಗಿ ಕಳಚಿಕೊಳ್ಳುತ್ತಿದ್ದವು, ಬುಡ ಕಪ್ಪಗಾಗಿತ್ತು.

ಪದ್ದಕ್ಕ ಬಗ್ಗಿ ನೋಡಿದಳು. "ಮಗೂನ ಜೀವಂತ ಹೂತುಬಿಟ್ಟಿದೀಯಲ್ಲೋ."

"ಎರೆಗೊಬ್ಬರ ಅಕ್ಕ! ಅದೂ ಜರಡಿ ಹಿಡಿದದ್ದು!"

"ಜರಡಿ ಹಿಡಿದ ಗೋರಿ. ಸೀತಾಳೆ ಮರದ ಮೇಲಿರೋ ಗಿಡ. ಅದರ ವಂಶದಲ್ಲಿ ಯಾರೂ ಮಣ್ಣಿಗೆ ಇಳಿದವರಲ್ಲ."

ಭಟ್ಟರಿಗೆ ಇಲ್ಲಿ ಒಂದು ಸಂದು ಸಿಕ್ಕಿತು. "ಬದನಿಕೆ ಜಾತಿ ತಾನೇ? ಮಾವಿನ ಮರದ ರಸ ಹೀರುತ್ತಲ್ಲ. ನಮ್ಮ ತೋಟದಲ್ಲಿ ಕಂಡ ಕಂಡಲ್ಲಿ ಕತ್ತಿ ಹಾಕಿಸ್ತಿದ್ವಿ."

"ಅದಕ್ಕೇ ನಿಮ್ಮ ತೋಟದಲ್ಲಿ ಎರಡೂ ಇಲ್ಲ ಭಟ್ರೇ. ಬದನಿಕೆ ಮರದ ಒಳಕ್ಕೇ ಬೇರು ನುಗ್ಗಿಸಿ ನೀರು, ಸಾರ ಎಳ್ಕೊಳ್ಳುತ್ತೆ. ಸೀತಾಳೆ ತೊಗಟೆ ಹಿಡ್ಕೊಂಡು ಕೂರುತ್ತೆ, ಅಷ್ಟೇ. ಮಳೆನೀರು, ಮಂಜು, ಕೊಂಬೆ ಮೇಲೆ ಹರಿದು ಬರೋ ಧೂಳು, ಕೊಳೆತ ಎಲೆ, ಹಕ್ಕಿ ಹಿಕ್ಕೆ. ಇಷ್ಟರಲ್ಲೇ ಅದರ ಸಂಸಾರ. ಬಾಡಿಗೆ ಕೊಡಲ್ಲ ನಿಜ, ಆದರೆ ಮನೆಯವರ ಅಡುಗೆಮನೆಗೂ ಕಾಲಿಡಲ್ಲ."

"ಅಂಥ ಬಾಡಿಗೆದಾರರು ನನಗೂ ಬೇಕು," ಅಂದ ಚಂದ್ರು.

ಕುಂಡವನ್ನು ಕವುಚಿ ಹಾಕಿದ್ದೇ ತಡ, ಚರಂಡಿ ವಾಸನೆ. ಪದ್ದಕ್ಕ ಬೇರುಗಳನ್ನು ಬಕೆಟ್ಟಿನಲ್ಲಿ ಅಲುಗಿಸಿ ತೊಳೆದು ಒಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆದಳು. ಕಂದು ಸಿಪ್ಪೆ ಲೊಳಕ್ಕನೆ ಜಾರಿ ಕೈಗೆ ಬಂತು. ಒಳಗೆ ಒಂದು ನೂಲೆಳೆ ಮಾತ್ರ ಉಳಿಯಿತು. "ಇದು ಸತ್ತಿದ್ದು." ಇನ್ನೊಂದು, ಮತ್ತೊಂದು, ಹಾಗೇ. ಕೊನೆಗೆ ಕಾಂಡದ ಮೇಲ್ಭಾಗದಿಂದ ಹೊರಟ ಎರಡು ಬೇರು ಸಿಕ್ಕವು. ಪೆನ್ಸಿಲ್ಲಿಗಿಂತ ಸ್ವಲ್ಪ ಸಣ್ಣ, ಒತ್ತಿದರೆ ಗಟ್ಟಿ, ಬೂದು ಮಿಶ್ರಿತ ಬೆಳ್ಳಿ ಬಣ್ಣ, ತುದಿಯಲ್ಲಿ ಉಗುರಿನಷ್ಟು ಹಸಿರು.

"ಇವು ನಿನ್ನ ಕೈಗೆ ಸಿಗದೆ ಹೊರಗೆ ನೇತಾಡ್ತಿದ್ದವು. ಅದಕ್ಕೇ ಬದುಕಿವೆ."

ನಾಣಿಯ ಮುಖ ಬಾಡಿತು. ಸುಮಿ ಬ್ಲೇಡು, ಸ್ಪಿರಿಟ್ಟು ತಂದುಕೊಟ್ಟಳು. ಪ್ರತಿ ಸಲ ಬ್ಲೇಡು ಒರೆಸಿ ಪದ್ದಕ್ಕ ಮೆತ್ತಗಿದ್ದ ಬೇರನ್ನೆಲ್ಲ ಕತ್ತರಿಸಿದಳು. ಕಪ್ಪಾದ ಕಾಂಡವನ್ನು ಒಂದೊಂದೇ ಬಿಲ್ಲೆಯಾಗಿ ಕೊಯ್ಯುತ್ತ ಬಂದು, ಒಳಗಡೆ ಒಂದು ಚುಕ್ಕೆಯೂ ಇಲ್ಲದ ಬಿಳಿ ಹಸಿರು ಕಂಡಲ್ಲಿ ನಿಲ್ಲಿಸಿದಳು. ಕೊಯ್ದ ಜಾಗಕ್ಕೆ ದಾಲ್ಚಿನ್ನಿ ಪುಡಿ. "ಗಾಯಕ್ಕೆ ಮಾತ್ರ ಸುಮಿ, ಬೇರಿಗೆ ತಾಗಿಸಬೇಡ. ದಾಲ್ಚಿನ್ನಿ ಒಣಗಿಸುತ್ತೆ. ಗಾಯ ಒಣಗೋದು ಒಳ್ಳೇದು, ಬೇರು ಒಣಗಬಾರದು."

"ಕೊಳೆತ ಹೇಗೆ ಬಂತು ಅಂತ ಹೇಳಕ್ಕ. ನೀರು ಜಾಸ್ತಿಯಾಯ್ತಾ?"

"ನೀರಿನಿಂದ ಅಲ್ಲ, ಉಸಿರುಕಟ್ಟಿ. ಈ ಬೇರಿನ ಹೊರಗೆ ವೆಲಮೆನ್ ಅಂತ ಸತ್ತ ಜೀವಕೋಶಗಳ ಒಂದು ಪದರ ಇದೆ. ಮಳೆ ಬಿದ್ದ ತಕ್ಷಣ ಗಟಗಟ ಹೀರ್ಕೊಂಡು ಬೇರು ಹಸಿರಾಗುತ್ತೆ. ಆಮೇಲೆ ಗಾಳಿಗೆ ಒಣಗಿ ಮತ್ತೆ ಬೆಳ್ಳಿ ಬಣ್ಣಕ್ಕೆ ಬರಬೇಕು. ಹೀಗೆ ನೆನೆದು ಒಣಗೋದೇ ಅದರ ದಿನಚರಿ. ಮಣ್ಣೊಳಗೆ ಒಣಗೋಕೆ ಬಿಡುವೆಲ್ಲಿ? ನೀನು ಅಲಾರಂ ಬೇರೆ ಇಟ್ಟಿದೀಯ."

"ಹಾಗಾದ್ರೆ ಏನು ಮಾಡಲಿ?"

"ಏನೂ ಮಾಡಬೇಡ. ಸ್ವಲ್ಪ ಅಸಡ್ಡೆ ಕಲಿ."

ನಾಣಿ ಫೋನು ಕೈಗೆತ್ತಿಕೊಂಡು ಗಂಭೀರವಾಗಿ ಕೇಳಿದ: "ದಿನಕ್ಕೆ ಎಷ್ಟು ಸಲ ಅಸಡ್ಡೆ ಮಾಡಬೇಕಕ್ಕ?"

ಭಟ್ಟರು ಕೆಮ್ಮುವವರೆಗೆ ನಕ್ಕರು. "ಅಸಡ್ಡೆ ಬೇಕಾದ್ರೆ ನನ್ನತ್ರ ಕಳಿಸು. ಮೂವತ್ತು ವರ್ಷದಿಂದ ನಮ್ಮ ಮನೇಲಿ ಅದಕ್ಕೇ ಬೈಸ್ಕೊಳ್ತಿದೀನಿ."

"ನಿಮ್ಮದು ಮರೆವು ಭಟ್ರೇ. ಅಸಡ್ಡೆಗೆ ಶಿಸ್ತು ಬೇಕು," ಅಂದಳು ಪದ್ದಕ್ಕ. "ಬರ್ಕೋ ನಾಣಿ. ಮೊದಲು ಮನೆ. ಒಂದು ಗೇಣು ಅಗಲದ ಮರದ ಪಟ್ಟಿಯ ಬುಟ್ಟಿ, ಪಟ್ಟಿ ಪಟ್ಟಿ ನಡುವೆ ಬೆರಳು ಹೋಗುವಷ್ಟು ಸಂದು. ಒಳಗೆ ಸೌದೆ ಇದ್ದಿಲಿನ ನಾಲ್ಕೈದು ತುಂಡು, ನಿಂಬೆಹಣ್ಣಿನ ಗಾತ್ರದ್ದು, ಪುಡಿ ಹೋಗುವಂತೆ ತೊಳೆದದ್ದು. ಒಂದೆರಡು ಹೆಂಚಿನ ಚೂರು ಸೇರಿಸಿದ್ರೂ ಆಯ್ತು. ತೆಂಗಿನ ಸಿಪ್ಪೆ ಬೇಡ. ಬೇಸಿಗೇಲಿ ಅನುಕೂಲ, ಮಳೆಗಾಲದಲ್ಲಿ ವಾರಗಟ್ಟಲೆ ಒದ್ದೆ ಕೂತು ಮತ್ತೆ ಇದೇ ಕಥೆ. ಗಿಡದ ಬುಡ ಇದ್ದಿಲಿನ ಮೇಲೆ ಕೂತಿರಬೇಕು, ಒಳಗೆ ಮುಳುಗಿರಬಾರದು. ಅಲ್ಲಾಡದಂತೆ ಹತ್ತಿ ದಾರದಲ್ಲಿ ಕಟ್ಟು. ಹೊಸ ಬೇರು ಹಿಡಿಯೋ ಹೊತ್ತಿಗೆ ದಾರ ತಾನೇ ಲಡ್ಡಾಗುತ್ತೆ."

"ತಾಮ್ರದ ತಂತಿ ಇದೆ ನನ್ನತ್ರ. ಗಟ್ಟಿ ಇರುತ್ತೆ," ಅಂದ ಚಂದ್ರು.

"ತಾಮ್ರ ಇವಕ್ಕೆ ವಿಷ. ತಾಮ್ರ ಬೆರೆತ ಶಿಲೀಂಧ್ರನಾಶಕ ಹೊಡೆಯೋಕೂ ಯೋಚಿಸಬೇಕು. ಇನ್ನು ಬೇರುಗಳು ಬುಟ್ಟಿಯಿಂದ ಹೊರಗೆ ಜೋಲುತ್ವೆ. ಒಳಗೆ ತುರುಕಬೇಡ, ಮುರಿಯುತ್ವೆ. ತಲೆ ಕೆದರಿದ ಹಾಗೆ ಕಂಡರೂ ಸುಮ್ಮನಿರು."

"ಮರಕ್ಕೇ ಕಟ್ಟಿದ್ರೆ?"

"ಅದಕ್ಕಿಂತ ಇನ್ನೇನು ಬೇಕು! ಹಲಸು, ಹೆಬ್ಬಲಸು, ಮಾವು. ತೊಗಟೆ ಒರಟಾಗಿರಬೇಕು, ಉದುರಬಾರದು. ಪೇರಲೆ, ನೀಲಗಿರಿ ಸಿಪ್ಪೆ ಸುಲ್ಕೊಳ್ಳೋ ಮರಗಳು, ಗಿಡವೂ ಜೊತೆಗೇ ಕೆಳಗೆ ಬರುತ್ತೆ. ಕಟ್ಟೋದು ಯಾವಾಗ ಅಂದ್ರೆ, ಬೇರಿನ ತುದಿ ಹಸಿರಾಗಿ ಚಿಗುರ್ತಿರುವಾಗ. ಹಳೇ ಬೇರು ಒಂದು ಸಲ ಬಿಟ್ಟ ತೊಗಟೇನ ಮತ್ತೆ ಹಿಡಿಯಲ್ಲ, ಹೊಸದು ಮಾತ್ರ ಹಿಡಿಯುತ್ತೆ. ಒಂದು ಸಲ ಕಟ್ಟಿದ ಮೇಲೆ ಜಾಗ ಬದಲಾಯಿಸಬೇಡ. ಬೇರು ಕದಲಿಸಿದ್ರೆ ಸೀತಾಳೆ ಮುನಿಸ್ಕೊಂಡು ಒಂದು ವರ್ಷ ಹೂ ತಪ್ಪಿಸೋದೂ ಉಂಟು."

ಮೂರನೇ ಮಹಡಿಯಲ್ಲಿ ಹಲಸಿನ ಮರ ಇರಲಿಲ್ಲ. ಬುಟ್ಟಿಗೇ ಒಪ್ಪಿದ್ದಾಯಿತು.

"ನೀರು?"

"ಬೆಳಿಗ್ಗೆ ಮಾತ್ರ. ಬೇಸಿಗೇಲಿ ಬುಟ್ಟಿಯ ಗಿಡಕ್ಕೆ ದಿನ ಬಿಟ್ಟು ದಿನ, ಬರಿಯ ಹಲಗೆಗೆ ಕಟ್ಟಿದ್ರೆ ದಿನಾ. ಬೇರು ಪೂರ್ತಿ ಹಸಿರಾಗೋವರೆಗೂ ಹಾಕು, ಆಮೇಲೆ ಕೈ ಕಟ್ಕೊಂಡು ಕೂರು. ಮಳೆಗಾಲದಲ್ಲಿ ಮಳೆ ನೋಡ್ಕೊಳ್ಳುತ್ತೆ. ಚಳಿಗಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಸಾಕು. ಆ ಬಾಯಾರಿಕೆಯ ತಿಂಗಳುಗಳನ್ನ ಕೊಟ್ರೆ ಬೇಸಿಗೇಲಿ ಹೂಗೊಂಚಲು ಹೊರಡೋಕೆ ದಾರಿಯಾಗುತ್ತೆ. ಮಳೆನೀರು ಹಿಡಿದಿಟ್ಕೊಂಡ್ರೆ ಅದೇ ಅಮೃತ. ಬೋರ್‌ವೆಲ್ ನೀರು ಗಡಸಾಗಿದ್ರೆ ಬೇರಿನ ಮೇಲೆ ಬಿಳಿ ಉಪ್ಪು ಕೂರುತ್ತೆ."

"ಸ್ಪ್ರೇ ಪೂರ್ತಿ ನಿಲ್ಲಿಸಬೇಕಾ?" ನಾಣಿಯ ದನಿ ಸಣ್ಣದಾಯಿತು.

"ಈ ಗಿಡಕ್ಕೆ ಬೆಳೆಯೋ ಸುಳಿ ಒಂದೇ. ನೀನು ರಾತ್ರಿ ಮಲಗೋ ಮುಂಚೆ ಮುದ್ದಿನಿಂದ ಹೊಡೆದ ಸ್ಪ್ರೇ ಆ ಸುಳಿಯಲ್ಲಿ ನಿಂತು ಕೊಳೆತರೆ ಮುಗೀತು. ಪುಣ್ಯ ಇದ್ರೆ ಬುಡದ ಪಕ್ಕದಲ್ಲೊಂದು ಮರಿ ಬರಬಹುದು, ಇಲ್ಲದಿದ್ರೆ ಇಲ್ಲ. ನೀರು ನಿಂತಿದ್ರೆ ಕಾಗದದ ತುಣುಕಿನಿಂದ ಹೀರಿಸಿ ತೆಗಿ."

ಚಂದ್ರು ಅಷ್ಟರಲ್ಲಿ ನಾಣಿಯ ಫೋನು ಕಸಿದುಕೊಂಡು ಅಲಾರಂ ತಿದ್ದುತ್ತಿದ್ದ. ಬೆಳಿಗ್ಗೆ ಹನ್ನೊಂದಕ್ಕೆ, "ಎದ್ದೇಳಬೇಡ." ಮಧ್ಯಾಹ್ನ ಮೂರಕ್ಕೆ, "ಬಾಲ್ಕನಿ ಕಡೆ ನೋಡಬೇಡ." ರಾತ್ರಿ ಒಂಬತ್ತಕ್ಕೆ, "ಸ್ಪ್ರೇ ಎಲ್ಲಿದೆ ಅಂತ ಹುಡುಕಬೇಡ, ಸುಮಿ ಬಚ್ಚಿಟ್ಟಿದಾಳೆ."

"ಗೊಬ್ಬರನಾದ್ರೂ ಹಾಕಲೋ ಬೇಡವೋ?" ನಾಣಿ ಕೊನೆಯ ಕೋಟೆ ಕಾಯುತ್ತಿದ್ದ. "ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಬಾಳೆಸಿಪ್ಪೆ ಕಷಾಯ, ಮೊಟ್ಟೆಚಿಪ್ಪಿನ ಪುಡಿ, ಕಾಫಿ ಚರಟ, ಎಲ್ಲಾ ಸರದಿ ಪ್ರಕಾರ ಕೊಡ್ತಿದ್ದೆ."

"ಗೊಬ್ಬರ ಹಾಕ್ತಿದ್ಯೋ, ಮಾಣಿಯಾಗಿ ಬಡಿಸ್ತಿದ್ಯೋ? ಮಜ್ಜಿಗೆಗೆ ಬೂಸ್ಟು ಹಿಡಿಯುತ್ತೆ, ಬಾಳೆಸಿಪ್ಪೆಗೆ ನೊಣ ಬರುತ್ತೆ. ನೀರಲ್ಲಿ ಕರಗೋ 19-19-19 ತಗೋ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ ಗೊಬ್ಬರ. ಲೀಟರಿಗೆ ಅರ್ಧ ಗ್ರಾಂ, ಅಂದ್ರೆ ಒಂದು ಚಿಟಿಕೆ. ಪೊಟ್ಟಣದ ಮೇಲೆ ಜಾಸ್ತಿ ಬರೆದಿರುತ್ತೆ, ಅದು ಮಣ್ಣಿನ ಬೆಳೆಗೆ. ಹೊಸ ಎಲೆ, ಹೊಸ ಬೇರು ಬರ್ತಿರೋ ಕಾಲದಲ್ಲಿ ವಾರಕ್ಕೊಮ್ಮೆ. ಮೊದಲು ಬರೀ ನೀರಲ್ಲಿ ಬೇರು ನೆನೆಸಿ ಆಮೇಲೆ ಇದು. ಒಣ ಬೇರಿಗೆ ಉಪ್ಪು ತಾಗಿದ್ರೆ ತುದಿ ಕರಕಲಾಗುತ್ತೆ. ತಿಂಗಳಿಗೊಮ್ಮೆ ಬರೀ ನೀರಲ್ಲಿ ಚೆನ್ನಾಗಿ ತೊಳಿ. ಚಳಿಗಾಲದಲ್ಲಿ ಉಪವಾಸ. ಈಗಂತೂ, ಈ ಎರಡು ಬೇರು ನಾಲ್ಕಾಗೋವರೆಗೆ ಏನೂ ಬೇಡ."

ಬೆಳಕಿನ ವಿಷಯಕ್ಕೆ ಪದ್ದಕ್ಕ ಹೆಚ್ಚು ಮಾತಾಡಲಿಲ್ಲ. ಪೂರ್ವದ ಬಾಲ್ಕನಿಯ ಎಳೆಬಿಸಿಲು, ಆಮೇಲೆ ಅರ್ಧಕ್ಕರ್ಧ ತಡೆಯುವ ನೆರಳುಬಲೆ. ಎಲೆ ಕಡುಹಸಿರಾಗಿ ಮಿಂಚುತ್ತಿದ್ದರೆ ಬೆಳಕು ಸಾಲದು, ಹೂ ಆಸೆ ಬಿಡಬೇಕು, ಹಳದಿಗೆ ತಿರುಗಿ ಕೆಂಪು ಚುಕ್ಕೆ ಬಂದರೆ ಬಿಸಿಲು ಹೆಚ್ಚಾಯಿತು, ತಿಳಿಹಸಿರಾದರೆ ಸರಿ. ಗಾಳಿ ಆಡಬೇಕು. ಸಿಂಬಳದ ಹುಳವೇನಾದರೂ ಬಂದರೆ ಮಾತ್ರ ಅಸಡ್ಡೆ ಸಲ್ಲದು: ರಾತ್ರಿ ಟಾರ್ಚು ಹಿಡಿದು ಆರಿಸಬೇಕು, ಎಳೆ ಬೇರಿನ ತುದಿ ಅಂದರೆ ಅದಕ್ಕೆ ಪ್ರಾಣ. ಎಲೆಸಂದಿಯ ಬಿಳಿ ಹಿಟ್ಟುತಿಗಣೆಗೆ ಸ್ಪಿರಿಟ್ಟಿನ ಹತ್ತಿ.

"ರಾತ್ರಿ ಟಾರ್ಚು ನಾನು ಹಿಡೀತೀನಿ," ಕೆಲಸ ಸಿಕ್ಕ ಖುಷಿಗೆ ನಾಣಿ ನೆಟ್ಟಗಾದ.

"ಇದನ್ನ ತಂದಿದ್ದೆಲ್ಲಿಂದ?"

"ಆನ್‌ಲೈನು. 'ಅತ್ಯಪರೂಪ, ಸಂಗ್ರಾಹಕರಿಗೆ ಮಾತ್ರ' ಅಂತಿತ್ತು. ಸ್ಟೇಟಸ್ಸಿಗೆ ಹಾಕಿದಾಗ ಎಷ್ಟು ಹೃದಯ ಬಂತು ಗೊತ್ತಾ!"

ಪದ್ದಕ್ಕ ಕತ್ತರಿಸಿಟ್ಟ ಬೇರಿನ ರಾಶಿಯಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಅದಕ್ಕೆ ಅಂಗುಲದುದ್ದ ತೊಗಟೆ ಚೂರು ಇನ್ನೂ ಅಂಟಿತ್ತು, ತೊಗಟೆಯ ಮೇಲೆ ಬೂದುಹಸಿರು ಕಲ್ಲುಹೂವು. "ಇದು ನರ್ಸರೀಲಿ ಬೆಳೆದಿದ್ದಲ್ಲ. ಯಾವುದೋ ಮರದಿಂದ ಕಿತ್ತಿದ್ದು. ಆರ್ಕಿಡ್ ಕುಟುಂಬ ಪೂರ್ತಿ ಸೈಟಿಸ್ ಅನ್ನೋ, ಕಾಡು ಗಿಡ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಒಪ್ಪಂದದ ಪಟ್ಟಿಯಲ್ಲಿದೆ, ಮೀಸಲು ಅರಣ್ಯದಿಂದ ತರೋದು ಅಪರಾಧ. ಕೊಳ್ಳುವಾಗ ಬೇರು ನೋಡು. ಹರಿದ ಬೇರು, ತೊಗಟೆ, ಕಲ್ಲುಹೂವು ಕಂಡರೆ ದೂರ ಇರು. ಲ್ಯಾಬಿನಲ್ಲಿ ಬೆಳೆದ ಸಸಿ ಸಣ್ಣದಿರುತ್ತೆ, ಎಲ್ಲಾ ಒಂದೇ ಅಳತೆ, ಎಲೆಗೆ ಗಾಯ ಇರಲ್ಲ."

"ಬೀಜ ಹಾಕಿ ಬೆಳೆಸಿದ್ರಾಯ್ತು!"

"ಹಾಕು. ಒಂದು ಕಾಯಲ್ಲಿ ಸಾವಿರಗಟ್ಟಲೆ ಬೀಜ, ಧೂಳಿಗಿಂತ ದಪ್ಪ ಇಲ್ಲ. ಬುತ್ತಿ ಕಟ್ಟದೆ ಹೊರಟಿರ್ತವೆ. ಮೊಳೆಯೋಕೆ ಒಂದು ಶಿಲೀಂಧ್ರ ಬಂದು ಉಣಿಸಬೇಕು ಅಂತ 1899ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ನೋಯೆಲ್ ಬರ್ನಾರ್ ಕಂಡುಕೊಂಡ. ಶಿಲೀಂಧ್ರ ಇಲ್ಲದೆ ಸಕ್ಕರೆ ಬೆರೆಸಿದ ಅಗರ್ ಅನ್ನೋ ಜೆಲ್ಲಿ ಮೇಲೆ ಮೊಳೆಸಬಹುದು ಅಂತ 1922ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ ತೋರಿಸಿದ. ಸೀಸೆ, ಗಾಳಿಯೂ ಶುದ್ಧ ಇರೋ ಕೋಣೆ, ಆಮೇಲೆ ಹೂ ನೋಡೋಕೆ ವರ್ಷಗಟ್ಟಲೆ ತಾಳ್ಮೆ. ನಿನ್ನ ಅಲಾರಂಗೆ ಅಷ್ಟು ಬ್ಯಾಟರಿ ಇಲ್ಲ."

ಭಟ್ಟರು ಬಹಳ ಹೊತ್ತಿನಿಂದ ಸುಮ್ಮನಿದ್ದರು. "ನಮ್ಮೂರ ರಸ್ತೆ ತಿರುವಲ್ಲಿ ಹೆಬ್ಬಲಸಿನ ಮರ ಒಂದಿತ್ತು. ಮಳೆ ಹಿಡೀತು ಅಂದ್ರೆ ಕೊಂಬೆ ತುಂಬ ದಂಡೆ ಇಳಿಬೀಳ್ತಿತ್ತು, ಬಿಳಿ ಮೇಲೆ ನೇರಳೆ ಚುಕ್ಕಿ. ಹುಡುಗರು ಹತ್ತಿ ಕೊಯ್ದು ಕೊಡೋರು, ಹೆಣ್ಣುಮಕ್ಕಳು ಜಡೆಗೆ ಮುಡಿಯೋರು. ಸೀತಮ್ಮ ವನವಾಸದಲ್ಲಿ ಮುಡಿದ ಹೂ ಅಂತ ನಮ್ಮಜ್ಜಿ ಹೇಳ್ತಿದ್ಲು. ರಸ್ತೆ ಅಗಲ ಮಾಡುವಾಗ ಮರ ಹೋಯ್ತು. ಕೊಂಬೆ ಸಮೇತ ಸೌದೆ ಲಾರಿಗೆ ಏರಿಸಿದ್ರು."

ಯಾರೂ ಮಾತಾಡಲಿಲ್ಲ. ಪದ್ದಕ್ಕನೇ ಎಂದಳು, "ಅಂಥ ಹಳೇ ಮರ ನಾಲ್ಕು ಉಳಿಸ್ಕೊಂಡಿದ್ರೆ ಇದಕ್ಕೆ ಯಾವ ಪೇರೆಂಟೂ ಬೇಕಿರಲಿಲ್ಲ ಭಟ್ರೇ."

"ಅಸ್ಸಾಂನಲ್ಲಿ ಈಗಲೂ ಮುಡೀತಾರೆ ಪದ್ದಕ್ಕ," ಸುಮಿ ಫೋನು ತೋರಿಸಿದಳು. "ಬಿಹು ಕುಣಿಯೋರ ತುರುಬಲ್ಲಿ ನೋಡಿ, ಇದೇ ಹೂ! ಅಲ್ಲಿ ಕೊಪೌ ಫೂಲ್ ಅಂತಾರಂತೆ, ರಾಜ್ಯದ ಹೂವಂತೆ. ನಮ್ಮದು ಬಿಟ್ಟರೆ ನಾನೂ ಮುಡೀಬಹುದಾ?"

"ಮೈಥಿಲೀದು ಕೊಯ್ಯೋದಾ!" ನಾಣಿ ಬುಟ್ಟಿಗೆ ಅಡ್ಡ ನಿಂತ.

"ಧಾರಾಳವಾಗಿ ಕೊಯ್ಯಿ ಸುಮಿ. ಸೊರಗಿದ ಗಿಡಕ್ಕೆ ಹೂ ಹೊರೋದೇ ಭಾರ. ಮೊದಲ ಸಲ ಬಂದ ದಂಡೇನ ಬೇಗ ತೆಗೆದ್ರೆ ಆ ಶಕ್ತಿ ಬೇರಿಗೆ ಹೋಗುತ್ತೆ. ಕಾಯಿ ಕಟ್ಟೋಕಂತೂ ಬಿಡಬಾರದು."

ಸುಮಿ ಭುಜಕ್ಕೂ ತಾಗದ ತನ್ನ ಕೂದಲನ್ನು ಮುಟ್ಟಿಕೊಂಡಳು. "ಮೊಳದುದ್ದ ದಂಡೆ. ಇದಕ್ಕೆ ಜಡೆ ಎಲ್ಲಿಂದ ತರಲಿ?"

"ಈ ಗಿಡ ಸುಧಾರಿಸ್ಕೊಂಡು ಹೂ ಬಿಡೋಕೆ ಒಂದೆರಡು ಬೇಸಿಗೆಯಾದ್ರೂ ಬೇಕು. ಅಷ್ಟರಲ್ಲಿ ನೀನೂ ಬೆಳೆಸ್ಕೋ."

"ಕೂದಲಿಗೆ ಏನು ಹಾಕಲಿ?"

"ಅಕ್ಕಿ ತೊಳೆದ ನೀರು ಒಂದು ಬಕೆಟ್ ಉಳಿದಿದೆ," ಅಂದ ನಾಣಿ, ಆಗಲೇ ಫೋನಿನಲ್ಲಿ ಅಲಾರಂ ಇಡುತ್ತ.